ಹಳೇ ನಾಟಕ ಶಾಲೆಗೆ ಮೊದಲು ಹೆಂಚು, ಆಮೇಲೆ ಬಣ್ಣ

(ಹಾಸನದಲ್ಲಿ ಹವ್ಯಾಸಿ ಕಲಾವಿದರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಈ ಸಭೆಯಲ್ಲಿ ದುರ್ಯೋಧನನ ಪಾತ್ರ ಮಾಡಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಜೋರಾಗೇ ಇದೆ. ಕೃಷ್ಣ? ಅದೂ ಸಾಕಷ್ಟಿದೆ. ಭೀಮ? ಸರಿ. ಸಹದೇವ? ಯಾರೂ ಇಲ್ಲ. ಪಾಪ, ಅವನಿಗೆ ಯಾವಾಗಲೂ ಇದೇ ಗತಿ.

ಈ ಪ್ರಶ್ನೆಯನ್ನು ತಮಾಷೆಗೆ ಕೇಳಲಿಲ್ಲ. ಹಳೇ ನಾಟಕ ಶಾಲೆಯನ್ನು, ಅಂದರೆ ನಾಟಕ ಆಡುವ ಹಳೇ ಕಟ್ಟಡವನ್ನು, ಉಳಿಸಬೇಕು ಎಂದು ಮಾತು ಬಂದ ತಕ್ಷಣ ಎಲ್ಲರೂ ಗೋಡೆ, ಕಮಾನು, ಮುಂಭಾಗ, ಬಣ್ಣ ಎಂದು ಶುರು ಮಾಡುತ್ತಾರೆ. ನಾನು ಸಿವಿಲ್ ಎಂಜಿನಿಯರ್. ಗೋಡೆ ಬಗ್ಗೆ ಮಾತಾಡುವುದೇ ನನ್ನ ಕಸುಬು. ಆದರೂ ನನ್ನ ಅಭಿಪ್ರಾಯ ಬೇರೆ. ನಾಟಕ ಶಾಲೆ ಉಳಿಯುವುದು ಅಲ್ಲಿ ನಾಟಕ ಆಡುವವರು ಇದ್ದರೆ, ಮತ್ತು ಅವರ ಕೈಗೆ ಅದು ಎಟುಕಿದರೆ. ನಮ್ಮ ಜಿಲ್ಲೆಯಲ್ಲಿ ಆ ಆಡುವವರು ಯಾರು ಅಂದರೆ ಈಗ ಕೈ ಎತ್ತಿದಿರಲ್ಲ, ನೀವು. ದುಡ್ಡು ತೆಗೆದುಕೊಂಡು ನಟಿಸುವವರಲ್ಲ, ದುಡ್ಡು ಕೊಟ್ಟು ನಟಿಸುವವರು. ಪಾತ್ರಕ್ಕೊಂದು ರೇಟು. ದುರ್ಯೋಧನನಿಗೆ ಜಾಸ್ತಿ, ದ್ವಾರಪಾಲಕನಿಗೆ ಕಡಿಮೆ. ಕೃಷ್ಣನ ಪಾತ್ರಕ್ಕೆ ಪೈಪೋಟಿ ಬಂದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚಿಕೊಳ್ಳುವುದೂ ಉಂಟು. ಹೊರಗಿನವರಿಗೆ ಇದು ನಗು ತರಿಸುತ್ತದೆ. ನನಗೆ ಇದರಲ್ಲೇ ಹಳೇ ಶಾಲೆಗಳ ಭವಿಷ್ಯ ಕಾಣುತ್ತದೆ. ಹೇಗೆ ಅಂತ ಕೊನೆಗೆ ಬರುತ್ತೇನೆ.

ಮೊದಲು ಸ್ವಲ್ಪ ಇತಿಹಾಸ.

ನಮ್ಮ ಕಡೆ ನಾಟಕಕ್ಕೆ ಕಟ್ಟಡ ಅನ್ನುವುದೇ ಈಚಿನ ವಿಷಯ. ಮೂಡಲಪಾಯ ಎಂಬ ಬಯಲಾಟ ಆಡುವವರು ಗುಡಿಯ ಮುಂದೆ ಚಪ್ಪರ ಹಾಕಿ ಬೆಳಗಿನ ತನಕ ಕುಣಿಯುತ್ತಿದ್ದರು. ಚಾವಣಿ ಇರುವ ರಂಗಸ್ಥಳ ತೋರಿಸಿ ಅಂದರೆ ನಾವು ಬೇಲೂರಿಗೆ ಕರೆದುಕೊಂಡು ಹೋಗುತ್ತೇವೆ. 1117ರ ಚೆನ್ನಕೇಶವ ದೇವಾಲಯದ ನವರಂಗದ ನಡುವೆ ದುಂಡನೆಯ ಕಲ್ಲಿನ ಜಗಲಿ ಇದೆ. ಶಾಂತಲೆ ಅಲ್ಲಿ ಕುಣಿದಳು ಎಂದು ಗೈಡುಗಳು ಹೇಳುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷ. ಆದರೆ ಕಲ್ಲಿಗೆ ಸಿಗುವ ಮರ್ಯಾದೆ ಹೆಂಚಿಗೆ ಸಿಗುವುದಿಲ್ಲ. ನಮ್ಮ ತಾತಂದಿರು ಟಿಕೆಟ್ ಕೊಂಡು ಕೂತ ಕಟ್ಟಡ ಯಾವ ಪಟ್ಟಿಯಲ್ಲೂ ಇಲ್ಲ.

ನಾವು ಈಗ ನಾಟಕದ ಹಾಲ್ ಅಂತ ಕರೆಯುವುದು, ಅಂದರೆ ಎದುರಿಗೆ ಚೌಕಟ್ಟು, ಅದರ ಹಿಂದೆ ಏಳುವ ಬೀಳುವ ಪರದೆ, ಪಕ್ಕಕ್ಕೆ ನಟರು ಮರೆಯಲ್ಲಿ ನಿಲ್ಲುವ ವಿಂಗ್, ಇದು ನಮಗೆ ಸುತ್ತುಬಳಸಿ ಬಂತು. ಇಂಗ್ಲೆಂಡಿನಿಂದ ಮುಂಬೈಗೆ, ಅಲ್ಲಿ ಪಾರ್ಸಿ ನಾಟಕ ಕಂಪನಿಗಳಿಗೆ, ಅವರಿಂದ ಮೈಸೂರಿಗೆ. ಪಾರ್ಸಿ ಕಂಪನಿಗಳು ದಕ್ಷಿಣಕ್ಕೆ ಬಂದು ಆಡಿದಾಗ ಜನ ಮರುಳಾದರು. ಚಾಮರಾಜ ಒಡೆಯರ ಕಾಲದಲ್ಲಿ, 1880ರ ದಶಕದ ಆರಂಭದಲ್ಲಿ, ಅರಮನೆಯ ಆಶ್ರಯದಲ್ಲೇ ಒಂದು ಕರ್ನಾಟಕ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ದಿವಾನ್ ರಂಗಾಚಾರ್ಲು ತೀರಿಕೊಂಡ ಮೇಲೆ ಅವರ ನೆನಪಿಗೆಂದು ಮೈಸೂರಿನಲ್ಲಿ ಪುರಭವನಕ್ಕೆ 1884ರಲ್ಲಿ ಅಡಿಗಲ್ಲು ಬಿತ್ತು. ಅದೇ 1884ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಶುರುವಾಯಿತು. ಮುಂದೆ ಅದು ವೀರಣ್ಣನವರ ಕೈಗೆ ಬಂದು ಗುಬ್ಬಿ ಕಂಪನಿ ಅಂತಲೇ ಮನೆಮಾತಾಯಿತು. ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ಕುರುಕ್ಷೇತ್ರ ಆಡಿದ್ದು ಅವರೇ. ನಾವು ಇವತ್ತಿಗೂ ಕುರುಕ್ಷೇತ್ರ ಬಿಡದೆ ಇರುವುದರಲ್ಲಿ ಆ ಆನೆಯ ಪಾಲೂ ಇದೆ ಅಂತ ನನ್ನ ಅನುಮಾನ.

ಕಂಪನಿಗಳು ಊರೂರು ಸುತ್ತುತ್ತಿದ್ದವು. ಹೇಗೆ? ರೈಲು. ಬೆಂಗಳೂರಿನಿಂದ ಉತ್ತರಕ್ಕೆ ಹೋಗುವ ಹಳಿ ಅರಸೀಕೆರೆ, ಕಡೂರು ಮುಟ್ಟಿತ್ತು. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಹಳಿ ಬಂದದ್ದು 1910ರ ದಶಕದ ಕೊನೆಯಲ್ಲಿ. ಸೀನರಿ ಪರದೆಗಳ ಉದ್ದುದ್ದ ಸುರುಳಿ, ಆಭರಣದ ಟ್ರಂಕುಗಳು, ಕಾಲಿನಲ್ಲಿ ತುಳಿಯುವ ಲೆಗ್ ಹಾರ್ಮೋನಿಯಂ, ಅಡುಗೆ ಪಾತ್ರೆ, ಹೆಂಡತಿ ಮಕ್ಕಳು, ಎಲ್ಲ ಗೂಡ್ಸ್ ಡಬ್ಬಿಯಲ್ಲಿ. ಸ್ಟೇಷನ್ನಿನಿಂದ ಊರಿಗೆ ಎತ್ತಿನ ಗಾಡಿ. ಬೇಲೂರು, ಸಕಲೇಶಪುರ, ಚಿಕ್ಕಮಗಳೂರಿಗೆ ಆಗ ರೈಲಿಲ್ಲ. ಅಲ್ಲಿಗೆ ಗಾಡಿ, ಆಮೇಲೆ ಲಾರಿ. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ ಅನ್ನುವುದನ್ನು ಮರೆಯಬೇಡಿ. ಅಷ್ಟರಲ್ಲಿ ಕಂಪನಿಗಳ ಕಾಲವೇ ಮುಗಿದಿತ್ತು.

ಕ್ಯಾಂಪ್ ಹಾಕುವುದು ಅಂದರೆ ತಗಡಿನ ಥಿಯೇಟರ್ ಎಬ್ಬಿಸುವುದು. ಬಿದಿರು, ಅಡಿಕೆ ಮರದ ಕಂಬ, ತಗಡು, ತಡಿಕೆ. ಬೇಸಿಗೆಯಲ್ಲಿ ಪರವಾಗಿಲ್ಲ. ಮುಂಗಾರು ಬಂದರೆ ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ರಾಜನ ಮಾತು ಮೊದಲ ಸಾಲಿಗೂ ಕೇಳುವುದಿಲ್ಲ. ಮಲೆನಾಡಿನ ಕಡೆ ಹೋದರಂತೂ ಮುಗಿಯಿತು. ಊರಿನಲ್ಲಿ ಪಕ್ಕಾ ಶಾಲೆ ಇದ್ದರೆ ಮಳೆಗಾಲದಲ್ಲೂ ಕಂಪನಿ ಬರುತ್ತದೆ, ಬಾಡಿಗೆ ಸಿಗುತ್ತದೆ ಎನ್ನುವ ಲೆಕ್ಕದಲ್ಲಿ ಸಾಹುಕಾರರು ಶಾಲೆ ಕಟ್ಟಿಸಿದರು. ಕೆಲವು ಕಡೆ ಪುರಸಭೆಯೇ ಕಟ್ಟಿಸಿತು. ಕಲಾಸೇವೆ ಅಂತ ಅಡಿಗಲ್ಲಿನ ಮೇಲೆ ಬರೆದಿರಬಹುದು, ಒಳಗಿದ್ದದ್ದು ವ್ಯಾಪಾರ. ಅದರಲ್ಲಿ ತಪ್ಪೇನಿಲ್ಲ. ಬಾಡಿಗೆ ಬರುವ ತನಕ ಆ ಕಟ್ಟಡಗಳ ಹೆಂಚು ವರ್ಷ ವರ್ಷ ಸರಿಯಾಗಿ ಕೂತಿರುತ್ತಿತ್ತು.

ಕನ್ನಡದ ಮೊದಲ ಟಾಕಿ, ಅಂದರೆ ಮಾತಾಡುವ ಸಿನಿಮಾ, 1934ರಲ್ಲಿ ಬಂತು. ಅಲ್ಲಿಂದ ಮುಂದೆ ಒಂದೊಂದೇ ಶಾಲೆ ಸಿನಿಮಾ ಟಾಕೀಸಾಯಿತು. ಚಿತ್ರಕ್ಕೆ ಸ್ಟೇಜ್ ಬೇಡ, ಬಿಳಿ ಪರದೆ ಸಾಕು. ಹಾಗಾಗಿ ರಂಗದ ಚೌಕಟ್ಟಿಗೆ ಅಡ್ಡ ಇಟ್ಟಿಗೆ ಗೋಡೆ ಕಟ್ಟಿ ಅದರ ಮೇಲೆ ಬಿಳಿ ಬಳಿದರು. ಹಿಂದಿನ ಕಡೆ, ಪ್ರೇಕ್ಷಕರ ತಲೆಯ ಮೇಲೆ ಪ್ರೊಜೆಕ್ಟರ್ ಕೋಣೆ ಬಂತು. ಟಿವಿ ಬಂದ ಮೇಲೆ ಟಾಕೀಸೂ ಮುಚ್ಚಿತು. ಆಮೇಲೆ ಕಲ್ಯಾಣ ಮಂಟಪ, ಅದೂ ಆಗದಿದ್ದರೆ ಗೋದಾಮು. ನಮ್ಮ ಜಿಲ್ಲೆ ಆಲೂಗಡ್ಡೆಗೆ ಹೆಸರುವಾಸಿ ಅಲ್ವಾ? ಹರಿಶ್ಚಂದ್ರ ಅತ್ತ ಜಾಗದಲ್ಲಿ ಆಲೂಗಡ್ಡೆ ಮೂಟೆ.

ಅಂಥ ಒಂದು ಕಟ್ಟಡವನ್ನು ಒಳಹೊಕ್ಕು ಅಳತೆ ಮಾಡುವ ಅವಕಾಶ ನನಗೆ ಸಿಕ್ಕಿತ್ತು. ನಮ್ಮ ಜಿಲ್ಲೆಯದೇ. ಊರಿನ ಹೆಸರು ಹೇಳುವುದಿಲ್ಲ, ಜಾಗದ ವ್ಯಾಜ್ಯ ಕೋರ್ಟಿನಲ್ಲಿದೆ. ಯಾರೂ ಊಹೆ ಮಾಡುವುದೂ ಬೇಡ. ಹೊರಗಿನಿಂದ ನೋಡಿದರೆ ಪಾಳು. ಮುಂದಿನ ಗೋಡೆಗೆ ಹಳೇ ಚುನಾವಣೆಗಳ ಪೋಸ್ಟರು. ಒಳಗೆ ಹೋದರೆ ಆಲೂಗಡ್ಡೆ ಕೊಳೆತ ವಾಸನೆ, ಬಾವಲಿ. ಆದರೆ ಗೋಡೆ ಗಟ್ಟಿ ಇತ್ತು. ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆ. ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ಘಟ್ಟ ಹತ್ತಿ ನಮ್ಮೂರಿಗೆಲ್ಲ ಬಂತು. ಹೆಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಅಚ್ಚು ಸಿಗುತ್ತದೆ. ಒಂದೇ ಚಾವಣಿಯಲ್ಲಿ ಮೂರ್ನಾಲ್ಕು ಅಚ್ಚು ಸಿಕ್ಕರೆ ಬೇರೆ ಬೇರೆ ಕಾಲದಲ್ಲಿ ರಿಪೇರಿ ಆಗಿದೆ ಅಂತ ಅರ್ಥ. ದಾಖಲೆ ಎಲ್ಲಿದೆ ಎಂದು ತಾಲೂಕು ಕಚೇರಿ ಅಲೆಯುವ ಮೊದಲು ಹೆಂಚು ಮಗುಚಿ ನೋಡಬೇಕು.

ಸಿನಿಮಾದವರು ಕಟ್ಟಿದ ಅಡ್ಡಗೋಡೆಯ ಪಕ್ಕದಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಸಂದಿ ಇತ್ತು. ಟಾರ್ಚ್ ಹಿಡಿದು ಹೋದೆವು. ಹಿಂದೆ ಇಡೀ ರಂಗ ಹಾಗೇ ಇದೆ! ಮರದ ಹಲಗೆಯ ನೆಲ, ಅಲ್ಲಲ್ಲಿ ಗೆದ್ದಲು ತಿಂದದ್ದು. ಮೇಲೆ ಅಡ್ಡ ತೊಲೆಗೆ ಕಬ್ಬಿಣದ ರಾಟೆಗಳು. ಸುರುಳಿ ಪರದೆಯ ಹಗ್ಗ ಹಾಯುತ್ತಿದ್ದ ರಾಟೆಗಳವು. ನೆಲದ ನಡುವೆ ಚೌಕಾಕಾರದ ಒಂದು ಮುಚ್ಚಳ. ಅದನ್ನು ಎತ್ತಿದರೆ ಕೆಳಗೆ ಒಬ್ಬ ಕೂರುವಷ್ಟು ಜಾಗ. ಟ್ರಿಕ್ ಸೀನಿನಲ್ಲಿ ರಾಕ್ಷಸ ಮಾಯವಾಗುತ್ತಿದ್ದ ದಾರಿ ಅದು. ಸಿನಿಮಾದವರು ಗೋಡೆ ಕಟ್ಟಿ ನಾಟಕವನ್ನು ಹಾಳು ಮಾಡಿದರು ಅಂತ ನಾವು ಬೈಯುತ್ತೇವೆ. ಆ ಗೋಡೆಯೇ ರಂಗವನ್ನು ಕಾಪಾಡಿತ್ತು. ಮುಂದಿನ ಹಾಲಿನ ಒಂದು ಹಲಗೆಯೂ ಉಳಿದಿರಲಿಲ್ಲ, ಸೌದೆಗೆ ಹೋಗಿತ್ತು.

ಈಗ ರಿಪೇರಿಯ ವಿಷಯ. ಇದರಲ್ಲಿ ನಾನು ಸ್ವಲ್ಪ ಹಠಮಾರಿ. ಕ್ಷಮಿಸಿ.

ಮೊದಲು ನೀರು. ಚಾವಣಿಯಿಂದ ಬರುವ ನೀರು, ನೆಲದಿಂದ ಏರುವ ನೀರು. ಬೇರೆಲ್ಲ ಆಮೇಲೆ. ಹೆಂಚಿನ ಚಾವಣಿ ಕೆಡುವುದು ಹೆಂಚು ಒಡೆದು ಅಲ್ಲ. ಎರಡು ಇಳಿಜಾರು ಸೇರುವ ಕಡೆ ನೀರು ಹರಿಯಲು ತಗಡಿನ ದೋಣಿ ಇರುತ್ತದಲ್ಲ, ಅದು ತೂತು ಬಿದ್ದು. ಅರಳಿ ಗಿಡದ ಬೀಜ ಬಿದ್ದು ಅಲ್ಲೇ ಬೇರು ಬಿಡುತ್ತದೆ. ನೀರು ಗೋಡೆಯೊಳಗೆ ಇಳಿಯುತ್ತದೆ. ತೊಲೆಯ ತುದಿ ಗೋಡೆಯಲ್ಲಿ ಹೂತಿರುವ ಜಾಗ ಮೊದಲು ಕೊಳೆಯುತ್ತದೆ. ನಡುವೆ ಮರ ಕಬ್ಬಿಣದ ಹಾಗೆ ಇರುತ್ತದೆ, ತುದಿ ಮಾತ್ರ ಬೆರಳಿಗೆ ಪುಡಿಯಾಗುತ್ತದೆ. ಇದನ್ನು ನೋಡಿದ ಕೂಡಲೇ ಕಂಟ್ರಾಕ್ಟರ್ ಹೇಳುವುದು ಒಂದೇ ಮಾತು: ಎಲ್ಲ ತೆಗೆದು ಶೀಟ್ ಹೊದಿಸಿಬಿಡೋಣ ಸಾರ್. ಬೇಡ. ಕೊಳೆತ ತುದಿಯನ್ನು ಮಾತ್ರ ಕತ್ತರಿಸಿ, ಅದೇ ಜಾತಿಯ ಹೊಸ ಮರ ಕೂಡಿಸಿ, ಎರಡೂ ಕಡೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಬಹುದು. ಹೆಂಚು ಹೊರುವ ಮರದ ಪಟ್ಟಿಗಳು, ಅಂದರೆ ಪಕಾಸಿ, ರೀಪು ಎಷ್ಟು ಕೆಟ್ಟಿವೆಯೋ ಅಷ್ಟೇ ಬದಲಿಸಬೇಕು. ಹೆಂಚು ಇಳಿಸಿ, ತೊಳೆದು, ತಟ್ಟಿ ನೋಡಬೇಕು. ಕಣಕಣ ಅಂದರೆ ಮತ್ತೆ ಮೇಲಕ್ಕೆ. ಡಬಡಬ ಅಂದರೆ ಪಕ್ಕಕ್ಕೆ.

ಗೋಡೆಗೆ ಸಿಮೆಂಟ್ ಮುಟ್ಟಿಸಬಾರದು. ಇದನ್ನು ಯಾರಾದರೂ ಅಧಿಕಾರಿಗಳಿಗೆ ಹೇಳಿ, ಅವರು ನಿಮ್ಮನ್ನು ಒಂಥರಾ ನೋಡುತ್ತಾರೆ. ಕಾರಣ ಸರಳ. ಹಳೇ ಗೋಡೆಯ ಬುಡದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಇಟ್ಟಿಗೆ ಹಿಡಿದು ಮೇಲೇರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಕ್ಕೆ ಬಿಡುತ್ತದೆ, ಒಣಗುತ್ತದೆ, ಮತ್ತೆ ಏರುತ್ತದೆ, ಮತ್ತೆ ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದರೆ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಅದು ಇನ್ನೂ ಮೇಲಕ್ಕೆ ಏರುತ್ತದೆ. ನೀರಿನ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಗಿಲಾವು ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಒಂದು ದಿನ ಹಪ್ಪಳದ ಹಾಗೆ ಕಳಚಿ ಬೀಳುತ್ತದೆ, ಅದರ ಹಿಂದೆ ಗೋಡೆ ಅರ್ಧ ಇರುವುದಿಲ್ಲ.

ಹಳೆಯವರ ಗಾರೆಗೆ ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ವಾರಗಟ್ಟಲೆ ಕೊಳೆಹಾಕುತ್ತಿದ್ದರು. ಮರಳು, ಇಟ್ಟಿಗೆ ಪುಡಿ ಸೇರಿಸಿ ಎತ್ತು ಕಟ್ಟಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ಮೊಟ್ಟೆ ಹಾಕುತ್ತಿದ್ದರು ಅಂತಲೂ ಕಥೆ ಇದೆ. ಎಲ್ಲ ಕಟ್ಟಡಕ್ಕೂ ಮೊಟ್ಟೆ ಹಾಕಿದ್ದರೆ ಊರಿನಲ್ಲಿ ಕೋಳಿಮರಿಯೇ ಹುಟ್ಟುತ್ತಿರಲಿಲ್ಲ, ಬಿಡಿ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಅದಕ್ಕೆ ಟೈಮ್ ಬೇಕು. ಉದ್ಘಾಟನೆ ದಿನಾಂಕ ಗೊತ್ತು ಮಾಡಿ ಹಿಂದಕ್ಕೆ ಲೆಕ್ಕ ಹಾಕುವ ಕೆಲಸ ಇದಲ್ಲ. ನಮ್ಮ ಎಸ್ಟಿಮೇಟುಗಳು ಸಿಮೆಂಟಿನಲ್ಲೇ ಹುಟ್ಟಿ ಸಿಮೆಂಟಿನಲ್ಲೇ ಸಾಯುವುದಕ್ಕೆ ಇದೂ ಒಂದು ಕಾರಣ.

ಇನ್ನು ಧ್ವನಿ. ನಾಟಕ ಶಾಲೆಯ ನಿಜವಾದ ಆಸ್ತಿ ಇದು, ಯಾವ ಫೋಟೋದಲ್ಲೂ ಕಾಣುವುದಿಲ್ಲ.

ಮೈಕ್ ಇಲ್ಲದ ಕಾಲದಲ್ಲಿ ಕಂಪನಿ ನಟರು ಏರು ಶ್ರುತಿಯಲ್ಲಿ ಹಾಡುತ್ತಿದ್ದರು, ಕೊನೆಯ ಸಾಲಿಗೂ ಮುಟ್ಟಬೇಕಲ್ಲ. ಆದರೆ ಗಂಟಲೊಂದೇ ಸಾಲದು, ಕಟ್ಟಡವೂ ಕೈಜೋಡಿಸಬೇಕು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನಟನ ಬಾಯಿಂದ ನೇರ ಬಂದ ಮಾತು, ಪಕ್ಕದ ಗೋಡೆಗೆ ಬಡಿದು ಬಂದ ಅದೇ ಮಾತು, ಇವೆರಡರ ನಡುವೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಅಂತರ ಇದ್ದರೆ ಕಿವಿ ಎರಡನ್ನೂ ಒಂದೇ ಎಂದು ಕೇಳುತ್ತದೆ. ಮಾತು ಗಟ್ಟಿಯಾಗುತ್ತದೆ. ಅಂತರ ಜಾಸ್ತಿಯಾದರೆ ಮಾತಿನ ಮೇಲೆ ಮಾತು ಬಿದ್ದು ಗಜಿಬಿಜಿ. ಲೆಕ್ಕ ಹಾಕಿದರೆ ಆ ಅಂತರ ಸುಮಾರು 17 ಮೀಟರ್ ದಾರಿ. ನಮ್ಮ ಹಳೇ ಶಾಲೆಗಳು ಅಗಲ ಕಡಿಮೆ, ಉದ್ದ ಜಾಸ್ತಿ ಇರುವುದು ಮರದ ತೊಲೆಯ ಉದ್ದದ ಮಿತಿಯಿಂದ. ಆ ಮಿತಿಯೇ ಧ್ವನಿಗೆ ವರ ಆಯಿತು.

ಈ ವಿಷಯಕ್ಕೆ ವಿಜ್ಞಾನದ ತಳಪಾಯ ಹಾಕಿದವರು ಹಾರ್ವರ್ಡಿನ ವಾಲೇಸ್ ಸೇಬಿನ್. 1895ರಲ್ಲಿ ಅವರ ವಿಶ್ವವಿದ್ಯಾಲಯ ಕಟ್ಟಿಸಿದ ಹೊಸ ಉಪನ್ಯಾಸದ ಹಾಲ್ ಎಷ್ಟು ಕೆಟ್ಟದಾಗಿತ್ತು ಅಂದರೆ ಒಂದು ಮಾತು ಆಡಿದರೆ ಐದೂವರೆ ಸೆಕೆಂಡ್ ಮೊಳಗುತ್ತಿತ್ತು. ಸೇಬಿನ್ ರಾತ್ರಿ ಹೊತ್ತು ಹತ್ತಿರದ ಥಿಯೇಟರಿನಿಂದ ಸೀಟಿನ ಮೆತ್ತೆ ಹೊತ್ತು ತಂದು, ಇಷ್ಟು ಮೆತ್ತೆಗೆ ಮೊಳಗು ಇಷ್ಟು ಕಡಿಮೆ ಎಂದು ಅಳೆದರು. ಅದರಿಂದಲೇ ಸೂತ್ರ ಹುಟ್ಟಿತು. ಮಾತಿನ ನಾಟಕಕ್ಕೆ ಮೊಳಗು ಒಂದು ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ. ಇಲ್ಲಿ ನೆನಪಿಡಬೇಕಾದ್ದು, ಜನರ ಮೈಯೂ ಧ್ವನಿಯನ್ನು ಹೀರುತ್ತದೆ. ಖಾಲಿ ಹಾಲ್ ಗಂಯ್ ಅನ್ನುತ್ತದೆ, ತುಂಬಿದ ಹಾಲ್ ಅನ್ನುವುದಿಲ್ಲ. ಹೆಂಚಿನ ಸಂದಿಗಳಲ್ಲಿ ಒಂದಿಷ್ಟು ಧ್ವನಿ ಹೊರಗೂ ಹೋಗುತ್ತದೆ. ಇದನ್ನೆಲ್ಲ ತಿಳಿಯದೆ ನಾವು ನವೀಕರಣ ಅಂತ ಏನು ಮಾಡುತ್ತೇವೆ? ಗೋಡೆಗೆ ನುಣುಪು ಟೈಲ್ಸ್ ಅಂಟಿಸುತ್ತೇವೆ, ಹಾಲ್ ಬಚ್ಚಲುಮನೆಯಂತೆ ಮೊಳಗುತ್ತದೆ. ಇಲ್ಲವೇ ಕಾರ್ಪೆಟ್, ದಪ್ಪ ಸೀಟು, ಫಾಲ್ಸ್ ಸೀಲಿಂಗ್ ಹಾಕಿ ಧ್ವನಿಯನ್ನೇ ಕೊಲ್ಲುತ್ತೇವೆ. ಆಮೇಲೆ ಮೈಕ್. ನಿಮ್ಮ ಮೇಲೂ ನನ್ನ ತಕರಾರಿದೆ. ಮೈಕಿಗೆ ಆ ಎಕೋ ಯಾಕೆ ಹಾಕಿಸುತ್ತೀರಿ? ದುರ್ಯೋಧನ ಬಾವಿಯೊಳಗಿಂದ ಮಾತಾಡಿದ ಹಾಗಿರುತ್ತದೆ. ನಗಬೇಡಿ, ನಿಜ.

ಬೆಂಕಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದರಲ್ಲಿ ಚರ್ಚೆಗೆ ಜಾಗ ಇಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಹೊಗೆಯಲ್ಲಿ ಸಿಕ್ಕಿಬಿದ್ದು ಸತ್ತರು. ಬಾಗಿಲು ಹೊರಕ್ಕೆ ತೆರೆಯಬೇಕು. ನಾಟಕ ನಡೆಯುವಾಗ ಬೀಗ ಹಾಕಿರಬಾರದು. ಹಳೇ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಬೇಕು. ಪರಂಪರೆ ಅಂತ ಹೇಳಿ ಹಳೇ ಇಕ್ಕಟ್ಟು ಬಾಗಿಲನ್ನೇ ಇಟ್ಟುಕೊಳ್ಳುತ್ತೇವೆ ಅನ್ನುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಬೇರೆ ಊರುಗಳಲ್ಲಿ ಏನು ಮಾಡಿದ್ದಾರೆ ನೋಡೋಣ. ಮೂರು ಉದಾಹರಣೆ ಸಾಕು, ಮೂರೂ ಬೇರೆ ಬೇರೆ ದಾರಿ.

ಶಿಮ್ಲಾದ ಗೇಯ್ಟಿ ಥಿಯೇಟರ್ 1887ರ ಮೇ 30ರಂದು ತೆರೆಯಿತು. ಅದನ್ನು ವಿನ್ಯಾಸ ಮಾಡಿದವರು ಹೆನ್ರಿ ಇರ್ವಿನ್. ಹೆಸರು ಕೇಳಿದ ಹಾಗಿದೆ ಅಲ್ವಾ? 1897ರಲ್ಲಿ ಮೈಸೂರಿನ ಹಳೇ ಅರಮನೆ ಸುಟ್ಟುಹೋದ ಮೇಲೆ ಈಗಿನ ಅಂಬಾವಿಲಾಸ ಅರಮನೆಯ ನಕ್ಷೆ ಮಾಡಿದವರೂ ಅವರೇ. ಗೇಯ್ಟಿ ದೊಡ್ಡ ಪುರಭವನದ ಒಂದು ಭಾಗ. ಬೆಟ್ಟದ ಇಳಿಜಾರಿನಲ್ಲಿ ಅಷ್ಟು ಭಾರ ಸುರಕ್ಷಿತವಲ್ಲ ಎಂದು ಮೇಲಿನ ಮಹಡಿಗಳನ್ನು ಕೆಡವಿದರು. ಥಿಯೇಟರ್ ಮಾತ್ರ ಉಳಿಯಿತು. ಹಲವು ವರ್ಷದ ರಿಪೇರಿ ಮುಗಿದು ಮತ್ತೆ ತೆರೆದದ್ದು 2009ರಲ್ಲಿ. ಆ ಕೆಲಸ ಮಾಡಿದ ವಾಸ್ತುಶಿಲ್ಪಿ ವೇದ್ ಸೆಗನ್. 1978ರಲ್ಲಿ ತೆರೆದ ಮುಂಬೈನ ಪೃಥ್ವಿ ಥಿಯೇಟರನ್ನು ವಿನ್ಯಾಸ ಮಾಡಿದವರೂ ಇವರೇ. ಪೃಥ್ವಿಯಲ್ಲಿ ಪ್ರೇಕ್ಷಕರು ರಂಗದ ಮೂರು ಕಡೆ ಕೂರುತ್ತಾರೆ, ನಟ ಪಿಸುಗುಟ್ಟಿದರೂ ಕೇಳುತ್ತದೆ. ನಟನಿಗೆ ಏನು ಬೇಕು ಎಂದು ಗೊತ್ತಿದ್ದವರ ಕೈಗೆ ಹಳೇ ಥಿಯೇಟರ್ ಸಿಕ್ಕಿತು. ಅದು ಅದೃಷ್ಟ.

ಎರಡನೆಯದು ಮುಂಬೈನ ರಾಯಲ್ ಒಪೆರಾ ಹೌಸ್. ಕೆಲಸ ಇನ್ನೂ ಬಾಕಿ ಇರುವಾಗಲೇ 1911ರಲ್ಲಿ ಐದನೇ ಜಾರ್ಜ್ ಬಂದು ಉದ್ಘಾಟನೆ ಮಾಡಿದರು. ಅರ್ಧ ಕೆಲಸಕ್ಕೆ ಟೇಪು ಕತ್ತರಿಸುವ ಪದ್ಧತಿ ನಮ್ಮ ಕಾಲದ್ದಲ್ಲ ನೋಡಿ. ಮರಾಠಿ ರಂಗಭೂಮಿಯ ಗಾಯಕ ನಟ ಬಾಲಗಂಧರ್ವರು ಅಲ್ಲಿ ಹಾಡಿದರು. ಆಮೇಲೆ ನಮ್ಮ ಶಾಲೆಗಳ ಕಥೆಯೇ: ಸಿನಿಮಾ, ನಷ್ಟ, 1993ರಲ್ಲಿ ಬೀಗ. ಗೊಂಡಲ್ ರಾಜಮನೆತನದವರು ಮಾಲೀಕರು. ಅವರು ಅದನ್ನು ಮಾರದೆ ಇಟ್ಟುಕೊಂಡರು. ಆಭಾ ನಾರಾಯಣ್ ಲಂಬಾ ಅವರ ನೇತೃತ್ವದಲ್ಲಿ ರಿಪೇರಿಯಾಗಿ 2016ರ ಅಕ್ಟೋಬರಿನಲ್ಲಿ ಮತ್ತೆ ಪರದೆ ಎದ್ದಿತು. ಮರುವರ್ಷ ಯುನೆಸ್ಕೋ ಪ್ರಶಸ್ತಿಯೂ ಬಂತು. ಚಂದದ ಕೆಲಸ. ಆದರೆ ಹಳ್ಳಿಯಿಂದ ಬಂದ ತಂಡವೊಂದು ಅಲ್ಲಿ ಒಂದು ದಿನ ಆಡಲು ಸಾಧ್ಯವೇ ಎಂದು ಕೇಳಿಕೊಳ್ಳಿ.

ಮೂರನೆಯದು ಕೋಲ್ಕತ್ತದ ಸ್ಟಾರ್ ಥಿಯೇಟರ್. ಬಂಗಾಳಿ ರಂಗಭೂಮಿಯ ತವರು. 1991ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿನ ನಗರಪಾಲಿಕೆ ಹಳೇ ಮುಂಭಾಗವನ್ನು ಉಳಿಸಿ ಒಳಗೆ ಹೊಸ ಹಾಲ್ ಕಟ್ಟಿ 2004ರಲ್ಲಿ ತೆರೆಯಿತು. ಮುಂಭಾಗ ಬಹಳ ಚೆನ್ನಾಗಿದೆ. ಒಳಗೆ ಹೆಚ್ಚಾಗಿ ಸಿನಿಮಾ. ಮುಖ ಉಳಿಸಿಕೊಂಡು ಕಸುಬು ಬಿಟ್ಟ ಹಾಗಾಯಿತು.

ನಮ್ಮ ಕರ್ನಾಟಕದಲ್ಲಿ ಹೊಸ ಕಟ್ಟಡವಾದರೂ ನಾನು ಬೆಂಗಳೂರಿನ ರಂಗಶಂಕರವನ್ನು ನೋಡಿ ಕಲಿಯಿರಿ ಎನ್ನುತ್ತೇನೆ. ಶಂಕರ್ ನಾಗ್ ಅವರ ಆಸೆಯನ್ನು ಅರುಂಧತಿ ನಾಗ್ 2004ರಲ್ಲಿ ನಿಜ ಮಾಡಿದರು. ದಿನಕ್ಕೊಂದು ನಾಟಕ ಅನ್ನುವುದು ಅವರ ಗುರಿ. ತಂಡಗಳಿಗೆ ಬಾಡಿಗೆ ಹೊರೆಯಾಗದ ಹಾಗೆ ನೋಡಿಕೊಂಡರು. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಇನ್ನೂ ಮೊದಲೇ, 1972ರಲ್ಲೇ, ಒಂದು ಹಳ್ಳಿಯಲ್ಲಿ ಶಿವರಾಮ ಕಾರಂತ ರಂಗಮಂದಿರ ಕಟ್ಟಿಕೊಂಡಿತು. ಎರಡೂ ಕಡೆ ಕಟ್ಟಡಕ್ಕಿಂತ ಮೊದಲೇ ಅಲ್ಲಿ ಏನು ನಡೆಯಬೇಕು ಅಂತ ಗೊತ್ತಿತ್ತು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕ ಇರುವ ದಿನ ಹೋಗಿ ನೋಡಿ. ಬೆಳಿಗ್ಗೆ ಶುರುವಾದರೆ ಸಂಜೆಯಾದರೂ ಮುಗಿಯುವುದಿಲ್ಲ. ಹೊರಗೆ ಅರ್ಧ ಹಳ್ಳಿಯೇ ಬಂದಿರುತ್ತದೆ. ಮಗ ಅರ್ಜುನ ಅಂತ ತಾಯಿ ಮುಂದಿನ ಸಾಲಿನಲ್ಲಿ, ಅಳಿಯ ಕರ್ಣ ಅಂತ ಮಾವ ಹಾರ ಹಿಡಿದುಕೊಂಡು. ಹಾಡು ಮುಗಿಯುವ ಮೊದಲೇ ರಂಗಕ್ಕೆ ನುಗ್ಗಿ ನೋಟಿನ ಹಾರ ಹಾಕುತ್ತಾರೆ. ದ್ರೌಪದಿ, ರುಕ್ಮಿಣಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಅವರಿಗೆ ಸಂಭಾವನೆ ಇರುತ್ತದೆ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಂದೆ ಕೂತು ಮರೆತ ಮಾತನ್ನು ಎತ್ತಿಕೊಡುತ್ತಿರುತ್ತಾರೆ. ಟಿಕೆಟ್ ಇಲ್ಲ. ಇಡೀ ಖರ್ಚು ನಟರ ಜೇಬಿನಿಂದ.

ಇಂಥವರಿಗಾಗಿ ಹಳೇ ಶಾಲೆ ರಿಪೇರಿ ಮಾಡಿದರೆ ನಕ್ಷೆಯೇ ಬದಲಾಗುತ್ತದೆ. ಮೂರು ಗಂಟೆಯ ಸ್ಲಾಟ್ ಬೇಡ, ಇಡೀ ದಿನದ ಬಾಡಿಗೆ ಬೇಕು, ಅದೂ ಕೈಗೆಟುಕುವ ಹಾಗೆ. ಎಸಿಗಿಂತ ಎತ್ತರದ ಕಿಟಕಿ, ಗಾಳಿ ಬೇಕು. ಎಸಿ ಹಾಕಿದರೆ ಕರೆಂಟ್ ಬಿಲ್ಲಿಗೇ ಬಾಡಿಗೆ ಏರುತ್ತದೆ. ಅಡುಗೆಗೆ ಹಿಂದೆ ಚಪ್ಪರದ ಜಾಗ ಬೇಕು, ಊಟ ಇಲ್ಲದೆ ಯಾರೂ ಯುದ್ಧ ಮಾಡುವುದಿಲ್ಲ. ಕಲಾವಿದೆಯರಿಗೆ ಬೀಗ ಹಾಕುವ ಬಾಗಿಲಿರುವ ಗ್ರೀನ್ ರೂಮ್, ಶೌಚಾಲಯ ಬೇಕೇ ಬೇಕು. ಇದನ್ನು ನಾನು ಹೆಂಚಿನ ನಂತರದ ಎರಡನೇ ಸಾಲಿನಲ್ಲೇ ಬರೆಯುತ್ತೇನೆ. ಹಳೇ ಶಾಲೆಗಳಲ್ಲಿ ಅದು ಇರಲೇ ಇಲ್ಲ. ರಾಟೆಗಳನ್ನು ರಿಪೇರಿ ಮಾಡಿ ಸುರುಳಿ ಪರದೆಗೆ ಮತ್ತೆ ಬಳಸಬಹುದು. ನೀವು ಈಗಲೂ ಬಾಡಿಗೆಗೆ ತರುವ ಸೀನರಿ ಅದೇ ತಾನೇ?

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಮೂರನ್ನು ಇಲ್ಲಿ ಕೊಡುತ್ತೇನೆ.

ಹಿರಿಯರೊಬ್ಬರು ಕೇಳಿದ್ದು: "ಇಷ್ಟೆಲ್ಲ ಒದ್ದಾಡುವ ಬದಲು ಕೆಡವಿ ಹೊಸದು ಕಟ್ಟಿದರೆ ಅಗ್ಗ ಅಲ್ವೇ ಸ್ವಾಮಿ?"

ಕೆಲವು ಸಲ ಅಗ್ಗವೇ. ಸುಳ್ಳು ಹೇಳುವುದಿಲ್ಲ. ಆದರೆ ಪೇಟೆ ನಡುವಿನ ಜಾಗದಲ್ಲಿ ನಾಟಕ ಶಾಲೆ ಕೆಡವಿದ ಮೇಲೆ ಅಲ್ಲಿ ಏಳುವುದು ನಾಟಕ ಶಾಲೆಯಲ್ಲ, ಅಂಗಡಿ ಮಳಿಗೆ. ಕಟ್ಟಡ ನಿಂತಿರುವ ತನಕ ಮಾತ್ರ ಆ ಜಾಗ ನಾಟಕದ್ದು.

ಒಬ್ಬ ಹುಡುಗಿ, ಕಾಲೇಜಿನಲ್ಲಿ ಬೀದಿ ನಾಟಕ ಮಾಡುವವಳು, ಸ್ವಲ್ಪ ಸಿಟ್ಟಿನಿಂದಲೇ ಕೇಳಿದಳು: "ಎಲ್ಲ ಕುರುಕ್ಷೇತ್ರಕ್ಕೇ ಆದರೆ ನಮಗೆಲ್ಲಿ ಜಾಗ ಸಾರ್? ನಮಗೆ ಆ ಚೌಕಟ್ಟೂ ಬೇಡ, ಪರದೆಯೂ ಬೇಡ."

ನ್ಯಾಯವಾದ ಪ್ರಶ್ನೆ. ಅಂಥ ಹಾಲುಗಳಲ್ಲಿ ರಂಗದ ಮೇಲೇ ಅರವತ್ತು ಎಪ್ಪತ್ತು ಜನರನ್ನು ಕೂರಿಸಿ, ಮುಂದಿನ ಪರದೆ ಎಳೆದು, ಒಳಗೇ ಸಣ್ಣ ನಾಟಕ ಮಾಡಬಹುದು. ಸಂಜೆ ಹೊತ್ತು, ವಾರದ ನಡುವೆ. ಪೌರಾಣಿಕದವರು ಬರುವುದು ಹೆಚ್ಚಾಗಿ ರಜಾದಿನಗಳಲ್ಲಿ. ಇಬ್ಬರಿಗೂ ಬೀಗದ ಕೈ ಬೇಕು, ಜಗಳವಾಡಬೇಕಾದ್ದು ಕ್ಯಾಲೆಂಡರಿನ ಮೇಲೆ ಮಾತ್ರ. ಆ ಜಗಳ ಬಂದರೆ ನನಗೆ ಖುಷಿ.

ಕೊನೆಯದು ಅರಕಲಗೂಡಿನ ಕಡೆಯ ಒಬ್ಬರದು: "ನಮ್ಮೂರಲ್ಲೂ ಒಂದು ಬೀಗ ಹಾಕಿದ ಶಾಲೆ ಇದೆ. ದುಡ್ಡು ಬರುವ ತನಕ ನಾವು ಏನು ಮಾಡುವುದು?"

ಮಾಲೀಕರ ಹತ್ತಿರ ಹೋಗಿ, ಒಂದು ದಿನಕ್ಕೆ ಬೀಗದ ಕೈ ಕೇಳಿ. ಏಪ್ರಿಲ್ ಒಳಗೆ ಹೋಗಬೇಕು, ಮಳೆ ಶುರುವಾದ ಮೇಲೆ ಹೆಂಚಿನ ಮೇಲೆ ಹತ್ತಬಾರದು. ದೋಣಿಯಲ್ಲಿ ತುಂಬಿರುವ ಎಲೆ, ಮಣ್ಣು ತೆಗೆಯಿರಿ. ಅರಳಿ ಗಿಡ ಇದ್ದರೆ ಬುಡ ಕತ್ತರಿಸಿ, ಎಳೆಯಬೇಡಿ, ಎಳೆದರೆ ಗೋಡೆ ಜೊತೆಗೆ ಬರುತ್ತದೆ. ಜಾರಿದ ಹೆಂಚು ಕೂರಿಸಿ. ಇದಕ್ಕೆ ಖರ್ಚು ಜಾಸ್ತಿ ಆಗುವುದಿಲ್ಲ, ಹೆಂಚು ಹೊದಿಸುವವರಿಬ್ಬರ ಕೂಲಿ. ಕಟ್ಟಡಕ್ಕೆ ಕೆಲವು ಮಳೆಗಾಲದ ಆಯಸ್ಸು ಸಿಗುತ್ತದೆ. ಒಳಗೆ ಟೇಪು ಹಿಡಿದು ಅಳತೆ ಮಾಡಿ, ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಅಲ್ಲಿ ನಾಟಕ ನೋಡಿದ, ಆಡಿದ ಅಜ್ಜ ಅಜ್ಜಿಯರು ಇದ್ದರೆ ಅವರನ್ನು ಒಳಗೆ ಕರೆದುಕೊಂಡು ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಡಿಮೆ ಟಿಕೆಟ್ಟಿನ ಗಾಂಧಿ ಕ್ಲಾಸ್ ಎಲ್ಲಿತ್ತು, ಹೆಂಗಸರು ಎಲ್ಲಿ ಕೂರುತ್ತಿದ್ದರು, ಹಾರ್ಮೋನಿಯಂ ಯಾವ ಕಡೆ ಇರುತ್ತಿತ್ತು, ಅವರೇ ಕೈ ತೋರಿಸಿ ಹೇಳುತ್ತಾರೆ. ಅಳತೆ ಪಟ್ಟಿ ಸಿದ್ಧವಾದರೆ ನನಗೆ ತೋರಿಸಿ. ತೊಲೆ ತುದಿಗಳನ್ನು ನೋಡಲು ನಾನೇ ಬರುತ್ತೇನೆ, ಏಣಿ ನೀವು ತನ್ನಿ.